ಸ್ಲೋ ಕುಕ್ಕರಿನಲ್ಲಿ ಮಾಡಿದ ಪೋರ್ಕ್ ರಿಬ್ಸ್ ಸಾರಿನಂತೆ ಯಾಕಾಗುತ್ತವೆ?

ಓದುಗರ ಪ್ರಶ್ನೆ: ಹಂದಿ ಪಕ್ಕೆಲುಬಿಗೆ ಬಾರ್ಬೆಕ್ಯೂ ಸಾಸ್ ಸುರಿದು ಸ್ಲೋ ಕುಕ್ಕರಿನಲ್ಲಿ (ಸಣ್ಣ ಶಾಖದಲ್ಲಿ ತಾಸುಗಟ್ಟಲೆ ಬೇಯಿಸುವ ಕರೆಂಟ್ ಪಾತ್ರೆ) 9 ತಾಸು ಇಟ್ಟೆವು. ಮಾಂಸ ಮೆತ್ತಗಾಯಿತು. ಆದರೆ ಸಾಸ್ ನೀರು ನೀರಾಗಿ, ಬಣ್ಣ ಬಿಳುಚಿಕೊಂಡು, ಎತ್ತಲು ಹೋದರೆ ಎಲುಬಷ್ಟೇ ಕೈಗೆ ಬಂತು. ತಪ್ಪಿದ್ದು ಎಲ್ಲಿ? ಧಾರವಾಡದಲ್ಲಿ ಸಿಗುವ ಸಾಮಾನಿನಲ್ಲಿ ಇದನ್ನು ಸರಿಯಾಗಿ ಮಾಡಬಹುದೇ?

ಖಂಡಿತ ಮಾಡಬಹುದು. ಸಾಸನ್ನು ಮೊದಲೇ ಸುರಿದದ್ದು ಒಂದು ತಪ್ಪು, ಕುಕ್ಕರಿನಿಂದ ತೆಗೆದು ನೇರ ತಟ್ಟೆಗೆ ಹಾಕಿದ್ದು ಇನ್ನೊಂದು.

ಸ್ಲೋ ಕುಕ್ಕರಿನೊಳಗಿನ ಶಾಖ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಎಲುಬಿನ ಸುತ್ತಲಿನ ಗಟ್ಟಿ ನಾರು 70 ಡಿಗ್ರಿ ದಾಟಿದ ಮೇಲೆ ನಿಧಾನವಾಗಿ ಕರಗಿ ಜಿಲೆಟಿನ್ ಎಂಬ ಮೆತ್ತನೆಯ ಅಂಟು ಆಗುತ್ತದೆ. ಈ ಕೆಲಸವನ್ನು ಕುಕ್ಕರ್ ಬಹಳ ಚೆನ್ನಾಗಿ ಮಾಡುತ್ತದೆ. ಆದರೆ ಮಾಂಸ ಕೆಂಪಗೆ ಸುಟ್ಟು ಘಮ ಬರಲು ಸುಮಾರು 140 ಡಿಗ್ರಿ ಶಾಖ ಬೇಕು, ಮೇಲ್ಮೈ ಒಣಗಿರಬೇಕು. ಕುಕ್ಕರಿನೊಳಗೆ ಇರುವುದೆಲ್ಲ ಹಬೆ. ಮುಚ್ಚಳಕ್ಕೆ ತಾಗಿದ ಹಬೆ ನೀರಾಗಿ ಮತ್ತೆ ಒಳಗೇ ಬೀಳುತ್ತದೆ, ಹೊರಗೆ ಹೋಗುವುದು ತೀರಾ ಕಡಿಮೆ. ಒಂದು ಕಿಲೋ ಮಾಂಸ ಬೆಂದಾಗ ಒಂದು ಲೋಟದಷ್ಟು ರಸ ಬಿಡುತ್ತದೆ. ನಿಮ್ಮ ಸಾಸ್ ತೆಳುವಾದದ್ದು ಆ ರಸ ಬೆರೆತದ್ದರಿಂದ. ಹಾಗಾಗಿ ಮೆತ್ತಗಾಗಿಸುವ ಕೆಲಸ ಕುಕ್ಕರಿಗೆ ಬಿಡಿ, ಸುಡುವ ಕೆಲಸ ಬೆಂಕಿಗೆ ಬಿಡಿ. ಸಾಸ್ ಕೊನೆಯ ಹತ್ತು ನಿಮಿಷದ್ದು.

ಮಾಂಸ ತರುವಾಗ ಒಂದು ಮಾತು ಮೊದಲೇ ಹೇಳಿಬಿಡಿ: ಪಕ್ಕೆಯನ್ನು ತುಂಡು ಮಾಡಬೇಡಿ, ಹಲಗೆಯಂತೆ ಇಡಿಯಾಗಿ ಕೊಡಿ. ಸುಮ್ಮನಿದ್ದರೆ ಸಾರಿಗೆ ಆಗುವಂತೆ ಕೊಚ್ಚಿ ಕೊಡುತ್ತಾರೆ. ಮಾಂಸದಲ್ಲಿ ಅಕ್ಕಿಕಾಳಿನಂಥ ಬಿಳಿ ಗುಳ್ಳೆಗಳು ಕಂಡರೆ ಅವು ಲಾಡಿಹುಳುವಿನ ಮರಿ. ಎಷ್ಟೇ ಅಗ್ಗವಿದ್ದರೂ ಆ ಮಾಂಸ ಬೇಡ.

ಪಕ್ಕೆಯ ಒಳಮೈಗೆ, ಎಲುಬಿನ ಮೇಲೆ ತೆಳ್ಳನೆಯ ಹೊಳೆಯುವ ಪೊರೆ ಇರುತ್ತದೆ. ಎಷ್ಟು ಬೇಯಿಸಿದರೂ ಅದು ರಬ್ಬರಿನಂತೆಯೇ ಉಳಿಯುತ್ತದೆ, ಮಸಾಲೆಯನ್ನೂ ಒಳಗೆ ಬಿಡುವುದಿಲ್ಲ. ಹಲಗೆಯ ತುದಿಯ ಎಲುಬಿನ ಮೇಲೆ ಚಮಚದ ಹಿಡಿಯನ್ನು ಪೊರೆಯ ಕೆಳಗೆ ತೂರಿಸಿ ಸ್ವಲ್ಪ ಎಬ್ಬಿಸಿ. ಬೆರಳು ಜಾರುತ್ತದೆ, ಒಣ ಬಟ್ಟೆಯಿಂದ ಹಿಡಿದು ಎಳೆಯಿರಿ. ಪುಣ್ಯಕ್ಕೆ ಒಂದೇ ಹಾಳೆಯಾಗಿ ಸುಲಿದು ಬರುತ್ತದೆ, ಹರಿದರೆ ಇನ್ನೊಂದು ತುದಿಯಿಂದ ಹಿಡಿಯಿರಿ.

ಮಸಾಲೆಯ ವಿಷಯದಲ್ಲಿ ನಮ್ಮ ಸೀಮೆಗೆ ಕೊರತೆಯೇ ಇಲ್ಲ. ಅಮೆರಿಕದವರು ಬಣ್ಣಕ್ಕೆ ಪಾಪ್ರಿಕಾ ಹಾಕುವಲ್ಲಿ ನಾವು ಬ್ಯಾಡಗಿ ಮೆಣಸಿನಕಾಯಿ ಹಾಕಬೇಕು. ಹಾವೇರಿ ಜಿಲ್ಲೆಯ ಈ ಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಸಿಕ್ಕಿದೆ. ಬಣ್ಣ ಗಾಢ, ಖಾರ ಹದ. ಬ್ಯಾಡಗಿಯಲ್ಲೇ ಕಡ್ಡಿ, ಡಬ್ಬಿ ಎಂದು ಎರಡು ಬಗೆ, ಕಡ್ಡಿಗಿಂತ ಡಬ್ಬಿ ಕಾಯಿ ಇದಕ್ಕೆ ಇನ್ನೂ ಚೊಲೊ. ಗುಂಟೂರು ಕಾಯಿಯ ಪುಡಿಯನ್ನು ಇದೇ ಅಳತೆಯಲ್ಲಿ ಹಾಕಿದರೆ ಬಾಯಿಗೆ ಇಡಲಾಗುವುದಿಲ್ಲ. 1.2 ಕಿಲೋ ಪಕ್ಕೆಗೆ 2 ಟೇಬಲ್ ಚಮಚ ಬ್ಯಾಡಗಿ ಪುಡಿ, 2 ಟೇಬಲ್ ಚಮಚ ಬೆಲ್ಲದ ಪುಡಿ, 12 ಗ್ರಾಂ ಉಪ್ಪು (ಸಮತಟ್ಟಾದ 2 ಟೀ ಚಮಚ), ತಲಾ ಒಂದು ಟೀ ಚಮಚ ಕಾಳುಮೆಣಸು ಮತ್ತು ಹುರಿದ ಜೀರಿಗೆಯ ಪುಡಿ, ಒಂದು ಟೇಬಲ್ ಚಮಚ ಜಜ್ಜಿದ ಬಳ್ಳೊಳ್ಳಿ. ಎಲ್ಲ ತಿಕ್ಕಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಏಪ್ರಿಲ್ ಸೆಖೆಯಲ್ಲಿ ಕಟ್ಟೆಯ ಮೇಲೆ ಬಿಡುವ ಮಾತೇ ಬೇಡ.

ಬೆಳಿಗ್ಗೆ ಹಲಗೆಯನ್ನು ಮೂರು ಮೂರು ಎಲುಬಿನ ತುಂಡು ಮಾಡಿ. ಕುಕ್ಕರಿನ ತಳಕ್ಕೆ ದಪ್ಪ ಬಿಲ್ಲೆಗಳಾಗಿ ಹೆಚ್ಚಿದ ಎರಡು ಉಳ್ಳಾಗಡ್ಡಿ ಹರಡಿ, ತುಂಡುಗಳನ್ನು ನೆಟ್ಟಗೆ ನಿಲ್ಲಿಸಿ. ಮಾಂಸದ ಮೈ ಗೋಡೆಯ ಕಡೆಗಿರಲಿ, ಏಕೆಂದರೆ ಸಾಮಾನ್ಯವಾಗಿ ಶಾಖ ಬರುವುದು ಪಾತ್ರೆಯ ಬದಿಯಿಂದ. ಎರಡು ಚಮಚ ವಿನೆಗರ್ ಸಾಕು, ನೀರು ಒಂದು ಹನಿಯೂ ಬೇಡ. ಲೋ ಮೇಲೆ 6 ತಾಸು, ಹೈ ಮೇಲೆ ಮೂರೂವರೆ. ಎರಡೂ ಕೊನೆಗೆ ತಲುಪುವ ಶಾಖ ಹೆಚ್ಚುಕಡಿಮೆ ಒಂದೇ, ಹೈ ಬೇಗ ತಲುಪುತ್ತದೆ ಅಷ್ಟೇ. ನಾಟಿ ಹಂದಿಯಾದರೆ ಇನ್ನೊಂದೆರಡು ತಾಸು ಹಿಡಿಯುತ್ತದೆ. ಮುಚ್ಚಳ ತೆಗೆದು ನೋಡುತ್ತಿರಬೇಡಿ, ಒಂದು ಸಲ ತೆಗೆದರೆ ಅರ್ಧ ತಾಸಿನ ಶಾಖ ಹೋಯಿತು.

ಹದ ತಿಳಿಯುವುದು ಹೀಗೆ: ಎಲುಬಿನ ತುದಿಯಿಂದ ಮಾಂಸ ಬೆರಳಗಲ ಹಿಂದೆ ಸರಿದಿರುತ್ತದೆ, ಹಲ್ಲುಕಡ್ಡಿ ಚುಚ್ಚಿದರೆ ತಡೆಯಿಲ್ಲದೆ ಇಳಿಯುತ್ತದೆ, ಎಲುಬನ್ನು ತಿರುವಿದರೆ ಅಲುಗುತ್ತದೆ, ಆದರೆ ಕಳಚುವುದಿಲ್ಲ. ತಾನಾಗಿ ಕಳಚಿದರೆ ಬೆಂದದ್ದು ಹೆಚ್ಚಾಯಿತು. ಅಮೆರಿಕದ ಬಾರ್ಬೆಕ್ಯೂ ಸ್ಪರ್ಧೆಗಳಲ್ಲೂ ಅದಕ್ಕೆ ಅಂಕ ಕಡಿಮೆ. ನಿಮ್ಮ 9 ತಾಸು ಫಾರಂ ಹಂದಿಗೆ ಅತಿಯಾಯಿತು.

ಕರೆಂಟ್ ಹೋದರೆ? ಮನೆಯಲ್ಲಿದ್ದರೆ ಮಾಂಸ, ರಸ ಎರಡನ್ನೂ ಪ್ರೆಶರ್ ಕುಕ್ಕರಿಗೆ ಸುರಿದು ಗ್ಯಾಸಿನ ಮೇಲೆ ಮುಗಿಸಿ. ಆದರೆ ಸೆರಾಮಿಕ್ ಪಾತ್ರೆಯನ್ನೇ ಒಲೆಗೆ ಇಟ್ಟೀರಿ ಜೋಕೆ, ಸೀಳಿಹೋಗುತ್ತದೆ. ಹೊರಗೆ ಹೋಗಿದ್ದು, ಎಷ್ಟು ಹೊತ್ತು ಕರೆಂಟ್ ಇರಲಿಲ್ಲ ಎಂದು ಗೊತ್ತಾಗದಿದ್ದರೆ ಮಾಂಸವನ್ನು ಚೆಲ್ಲಿ. ನೋಡಲು ಬೆಂದಂತೆ ಕಂಡರೂ ಚೆಲ್ಲಿ. 60 ಡಿಗ್ರಿಗಿಂತ ಕೆಳಗೆ ಬಹಳ ಹೊತ್ತು ನಿಂತ ಮಾಂಸದಲ್ಲಿ ಕೆಲವು ಬ್ಯಾಕ್ಟೀರಿಯಾ ಬಿಟ್ಟ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ.

ಬೆಂದ ತುಂಡುಗಳನ್ನು ಅಗಲ ಚಮಚದಿಂದ ಎತ್ತಿ 15 ನಿಮಿಷ ಆರಲು ಬಿಡಿ, ಆಗ ಬಿಗಿ ಬರುತ್ತದೆ. ಅಷ್ಟರಲ್ಲಿ ರಸವನ್ನು ಸೋಸಿ, ಮೇಲೆ ತೇಲುವ ಕೊಬ್ಬು ತೆಗೆದು, ಬಾಣಲೆಯಲ್ಲಿ ಕಾಲು ಭಾಗ ಆಗುವವರೆಗೆ ಬತ್ತಿಸಿ. ಇದಕ್ಕೆ 150 ಗ್ರಾಂ ಟೊಮೆಟೊ ಕೆಚಪ್, 30 ಗ್ರಾಂ ಬೆಲ್ಲ, 2 ಟೇಬಲ್ ಚಮಚ ವಿನೆಗರ್, ಒಂದು ಟೀ ಚಮಚ ಸಾಸಿವೆ ಪುಡಿ ಹಾಕಿ, ಚಮಚದ ಬೆನ್ನಿಗೆ ಅಂಟುವಷ್ಟು ಕುದಿಸಿ. ಉಪ್ಪು ಹಾಕಬೇಡಿ, ರಸದಲ್ಲೇ ಇದೆ.

ಮಾಂಸದ ತೇವ ಒರೆಸಿ, ಸಾಸ್ ತೆಳ್ಳಗೆ ಬಳಿದು, ಓಟಿಜಿಯ (ಕರೆಂಟಿನ ಸಣ್ಣ ಓವನ್) ಮೇಲಿನ ಕಂಬಿ ಉರಿಸಿ 230 ಡಿಗ್ರಿಯಲ್ಲಿ 4 ನಿಮಿಷ ಇಡಿ, ಮತ್ತೆ ಬಳಿದು 4 ನಿಮಿಷ. ಅಂಚಿನಲ್ಲಿ ಸಾಸ್ ಗುಳ್ಳೆಯೆದ್ದು ಅಲ್ಲಲ್ಲಿ ಕಪ್ಪು ಚುಕ್ಕೆ ಬಿದ್ದಾಗ ತೆಗೆಯಿರಿ. ಆಚೀಚೆ ಹೋಗಬೇಡಿ, ಬೆಲ್ಲ ಸೀಯಲು ಒಂದು ನಿಮಿಷ ಸಾಕು. ಓಟಿಜಿ ಇಲ್ಲದವರಿಗೆ ಬೂದಿ ಕಟ್ಟಿದ ಇದ್ದಿಲ ಕೆಂಡವೇ ಆದೀತು, ರುಚಿಯೂ ಅದರಲ್ಲೇ ಹೆಚ್ಚು.

ಓಟಿಜಿಯಲ್ಲಿ ಮಾಡಿದವರು ಹೊಗೆಯ ವಾಸನೆ ಬೇಕೆಂದರೆ, ಸುಟ್ಟ ತುಂಡುಗಳನ್ನು ದೊಡ್ಡ ಪಾತ್ರೆಯಲ್ಲಿಟ್ಟು, ನಡುವೆ ಸ್ಟೀಲ್ ಬಟ್ಟಲಿನಲ್ಲಿ ಒಂದು ನಿಗಿನಿಗಿ ಕೆಂಡ ಇಟ್ಟು, ಅರ್ಧ ಚಮಚ ತುಪ್ಪ ಬಿಟ್ಟು 4 ನಿಮಿಷ ಮುಚ್ಚಿಡಿ. ಹತ್ತು ನಿಮಿಷ ಬಿಟ್ಟರೆ ಕಹಿ. ಬಿಸಿ ಜೋಳದ ರೊಟ್ಟಿಯ ಜೊತೆ ಉಳಿದ ಸಾಸನ್ನೂ ಹಚ್ಚಿಕೊಳ್ಳಿ.