ಐರ್ಲೆಂಡ್ ಪ್ರವಾಸ: ಮೊದಲು ರಾತ್ರಿಗಳನ್ನು ಹಂಚಿಕೊಳ್ಳಿ

ಐರ್ಲೆಂಡಿಗೆ ಹೋಗಬೇಕು ಅಂತ ನನ್ನ ಹತ್ತಿರ ಬರುವವರ ಪಟ್ಟಿ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಡಬ್ಲಿನ್, ಗಾಲ್ವೇ, ಮೊಹರ್ ಬಂಡೆಗಳು, ಕಿಲ್ಲಾರ್ನಿ, ಬೆಲ್‌ಫಾಸ್ಟ್, ಎಲ್ಲವೂ ಏಳು ದಿನದಲ್ಲಿ. ಕೊನೆಗೊಂದು ಸಾಲು: "ಅಲ್ಲಿನ ಸಂಸ್ಕೃತಿಯನ್ನೂ ನೋಡಬೇಕು." ಶುರುವಿನಲ್ಲಿ ನಾನೂ ಹಾಗೇ ಪ್ಲಾನ್ ಮಾಡಿಕೊಡುತ್ತಿದ್ದೆ. ಈಗ ಮಾಡುವುದಿಲ್ಲ. ಅಲ್ಲಿನ ಹಾಡು, ಹರಟೆ, ಪಿಟೀಲು ಎಲ್ಲ ಜೀವ ಪಡೆಯುವುದು ರಾತ್ರಿ ಒಂಬತ್ತರ ಮೇಲೆ. ಇಡೀ ದಿನ ಬಸ್ಸಿನಲ್ಲಿ ಕೂತು ಬಂದವರು ಅಷ್ಟು ಹೊತ್ತಿಗೆ ಮಲಗಿಬಿಟ್ಟಿರುತ್ತಾರೆ, ಅಲ್ವಾ?

ಅದಕ್ಕೇ ಮೊದಲು ರಾತ್ರಿಗಳನ್ನು ಹಂಚಿ. ಡಬ್ಲಿನ್ 2, ಕ್ಲೇರ್ ಕೌಂಟಿಯ ಡೂಲಿನ್ 3, ಕಾನೆಮಾರಾದಲ್ಲಿ 2. ಏಳು ರಾತ್ರಿಗೆ ಇಷ್ಟು ಸಾಕು.

ಡೂಲಿನ್ ಪುಟ್ಟ ಊರು. 214 ಮೀಟರ್ ಎತ್ತರದ ಮೊಹರ್ ಬಂಡೆಗಳು ಪಕ್ಕದಲ್ಲೇ ಇವೆ, ಬೇಸಿಗೆಯಲ್ಲಿ ಅರಾನ್ ದ್ವೀಪಗಳಿಗೆ ಇಲ್ಲಿಂದಲೇ ದೋಣಿ ಹೋಗುತ್ತದೆ. ಆದರೆ ನಾನು ಮೂರು ರಾತ್ರಿ ಹಾಕುವುದು ಇಲ್ಲಿನ ಪಬ್‌ಗಳ 'ಸೆಷನ್'ಗಾಗಿ. ಅಲ್ಲಿ ವೇದಿಕೆಯ ಅಬ್ಬರ ಇರುವುದಿಲ್ಲ. ಮೂಲೆಯ ಮೇಜಿನ ಸುತ್ತ ಐದಾರು ಜನ, ನಮ್ಮೂರ ಭಜನೆಗೆ ಕೂತ ಹಾಗೆ, ಮುಖಾಮುಖಿ ಕೂತು ನುಡಿಸುತ್ತಾರೆ. ಪಿಟೀಲು, ಕೊಳಲು, ತೋಳಿನಲ್ಲಿ ಒತ್ತಿ ಗಾಳಿ ತುಂಬುವ ಇಲ್ಲನ್ ಪೈಪ್ಸ್, ಆಡಿನ ಚರ್ಮ ಬಿಗಿದ ತಮಟೆಯಂಥ ಬೌರಾನ್. ಮೇಜಿನ ಹತ್ತಿರ ಕುರ್ಚಿ ಖಾಲಿ ಇದ್ದರೆ ಕೂರಬೇಡಿ, ಅದು ತಡವಾಗಿ ಬರುವ ವಾದ್ಯದವರಿಗೆ.

ಒಂದು ರಾತ್ರಿ ಹೀಗೇ ನುಡಿಸುತ್ತಿದ್ದವರು ನಿಲ್ಲಿಸಿದರು. ವಯಸ್ಸಾದವರೊಬ್ಬರು ಕಣ್ಣು ಮುಚ್ಚಿ, ಯಾವ ವಾದ್ಯವೂ ಇಲ್ಲದೆ ಐರಿಷ್ ಭಾಷೆಯಲ್ಲಿ ಹಾಡತೊಡಗಿದರು. ಇದಕ್ಕೆ 'ಶಾನ್ ನೋಸ್' ಅನ್ನುತ್ತಾರೆ, ಹಳೆಯ ಶೈಲಿ ಅಂತ ಅರ್ಥ. ಇಡೀ ಪಬ್ ಸುಮ್ಮನಾಯಿತು. ಪಕ್ಕದಲ್ಲಿದ್ದವರು ಹಾಡುಗಾರರ ಕೈ ಹಿಡಿದುಕೊಂಡರು, ಹಾಡು ಮುಗಿಯುವವರೆಗೂ ಬಿಡಲಿಲ್ಲ. ನನಗೆ ಒಂದು ಪದವೂ ಅರ್ಥವಾಗಲಿಲ್ಲ, ಆದರೂ ಗಂಟಲು ಕಟ್ಟಿತು.

ಮಕ್ಕಳಿದ್ದರೆ ಒಂದು ವಿಷಯ ಗಮನದಲ್ಲಿಡಿ. ದೊಡ್ಡವರ ಜೊತೆ ಮಕ್ಕಳು ಪಬ್‌ನಲ್ಲಿ ರಾತ್ರಿ 9ರವರೆಗೆ ಇರಬಹುದು, ಮೇಯಿಂದ ಸೆಪ್ಟೆಂಬರ್‌ವರೆಗೆ 10ರ ತನಕ. ಇದು ಅಲ್ಲಿನ ಕಾನೂನು. ಒಮ್ಮೆ ನಾನಿದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಒಂದು ಕುಟುಂಬವನ್ನು ರಾತ್ರಿ ಹತ್ತಕ್ಕೆ ಕರೆದುಕೊಂಡು ಹೋಗಿದ್ದೆ. ಪಿಟೀಲು ಕಲಿಯುತ್ತಿದ್ದ ಹತ್ತು ವರ್ಷದ ಹುಡುಗಿ ಬಾಗಿಲಿಂದಲೇ ವಾಪಸ್ ಹೋದಳು. ಆ ಮುಖ ಇನ್ನೂ ಮರೆತಿಲ್ಲ. ಸಂಜೆ ಬೇಗ ಶುರುವಾಗುವ ಸೆಷನ್ ಎಲ್ಲಿದೆ ಅಂತ ಈಗ ಮೊದಲೇ ಫೋನ್ ಮಾಡಿ ಕೇಳುತ್ತೇನೆ. ಅಂದಹಾಗೆ, ಪಬ್‌ಗೆ ಹೋದರೆ ಕುಡಿಯಲೇಬೇಕು ಅಂತೇನಿಲ್ಲ. ಟೀ ಕೇಳಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಕಾನೆಮಾರಾ ಯಾಕೆ ಅಂದರೆ ಭಾಷೆಗೆ. ಗಾಲ್ವೇಯಿಂದ ಪಶ್ಚಿಮಕ್ಕೆ ಸ್ಪಿಡಲ್ ದಾಟಿ ಮುಂದೆ ಹೋದ ಹಾಗೆ ಅಂಗಡಿಯಲ್ಲಿ, ರಸ್ತೆಯಲ್ಲಿ ಐರಿಷ್ ಕಿವಿಗೆ ಬೀಳುತ್ತದೆ. ಇಂಥ ಐರಿಷ್ ಮಾತಾಡುವ ಪ್ರದೇಶಕ್ಕೆ ಗೇಲ್ಟಾಖ್ಟ್ ಅಂತ ಹೆಸರು. ಊರಿನ ಬೋರ್ಡುಗಳು ಐರಿಷ್‌ನಲ್ಲೇ ಇರುತ್ತವೆ, ಆದ್ದರಿಂದ ಎರಡೂ ಭಾಷೆಯ ಹೆಸರು ಬರೆದಿಟ್ಟುಕೊಳ್ಳಿ. ಕಾರು ಎಡಗಡೆಯೇ ಓಡುತ್ತದೆ, ಅದು ನಮಗೆ ಅನುಕೂಲ. ಹಳ್ಳಿ ರಸ್ತೆಗಳು ಮಾತ್ರ ತುಂಬಾ ಕಿರಿದು.

ಡಬ್ಲಿನ್‌ನಲ್ಲಿ ಟ್ರಿನಿಟಿ ಕಾಲೇಜಿನಲ್ಲಿರುವ, ಚಿತ್ರಗಳಿಂದ ತುಂಬಿದ ಹಳೆಯ ಹಸ್ತಪ್ರತಿ ಬುಕ್ ಆಫ್ ಕೆಲ್ಸ್ ಎಲ್ಲರೂ ನೋಡುತ್ತಾರೆ, ನೀವೂ ನೋಡಿ. ಸಾಧ್ಯವಾದರೆ ಕೋಲು, ಚೆಂಡಿನ ಐರಿಷ್ ಆಟ ಹರ್ಲಿಂಗ್‌ನ ಒಂದು ಪಂದ್ಯವನ್ನೂ ನೋಡಿ. 82,000ಕ್ಕೂ ಹೆಚ್ಚು ಜನ ಹಿಡಿಯುವ ಕ್ರೋಕ್ ಪಾರ್ಕ್ ತುಂಬಿ ತುಳುಕುವ ಫೈನಲ್‌ನಲ್ಲೂ ಆಟಗಾರರಿಗೆ ಸಂಬಳವಿಲ್ಲ. ಭಾನುವಾರ ಆಡಿದ ಮೇಷ್ಟ್ರು ಮತ್ತೆ ತಮ್ಮ ಶಾಲೆಗೇ ಹೋಗುತ್ತಾರೆ.

ಇನ್ನು ವೀಸಾ. ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ಸಾಕಾಗುವ ಷೆಂಗೆನ್ ಗುಂಪಿನಲ್ಲಿ ಐರ್ಲೆಂಡ್ ಇಲ್ಲ, ಬೇರೆ ವೀಸಾ ಬೇಕು. ಪ್ರಯಾಣಕ್ಕೆ ಮೂರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ಬೆಲ್‌ಫಾಸ್ಟ್ ಬ್ರಿಟನ್ನಿಗೆ ಸೇರಿದ್ದು. ಗಡಿಯಲ್ಲಿ ಗೇಟು ಇಲ್ಲ ಅಂತ ಸುಮ್ನೆ ದಾಟಬೇಡಿ, ಒಂದೇ ವೀಸಾದಲ್ಲಿ ಎರಡೂ ಕಡೆ ಹೋಗಲು ಬಿಡುವ ಬಿ.ಐ.ವಿ.ಎಸ್. (ಬ್ರಿಟಿಷ್-ಐರಿಷ್ ವೀಸಾ ಯೋಜನೆ) ಗುರುತು ನಿಮ್ಮ ವೀಸಾದ ಮೇಲೆ ಇದೆಯಾ ನೋಡಿಕೊಳ್ಳಿ.

ಮಾರ್ಚ್ 17ರ ಸೇಂಟ್ ಪ್ಯಾಟ್ರಿಕ್ ಹಬ್ಬಕ್ಕೆ ಡಬ್ಲಿನ್‌ನಲ್ಲಿ ಜನವೋ ಜನ. ನನ್ನನ್ನು ಕೇಳಿದರೆ ಜೂನ್ ಒಳ್ಳೆಯದು. ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ. ಜುಲೈ ಶುರುವಿನಲ್ಲಿ ಡೂಲಿನ್‌ಗೆ ಹತ್ತಿರದ ಮಿಲ್‌ಟೌನ್ ಮಾಲ್ಬೇಯಲ್ಲಿ ಒಂದು ವಾರದ ಸಂಗೀತ ಶಿಬಿರ ನಡೆಯುತ್ತದೆ. ಆಗ ಸುತ್ತಮುತ್ತ ರೂಮು ಸಿಗುವುದು ಕಷ್ಟ, ತಿಂಗಳುಗಳ ಮೊದಲೇ ಹಿಡಿದಿಟ್ಟುಕೊಳ್ಳಿ.