ಹಕ್ಕಿಜ್ವರ: ಬಾತುಕೋಳಿಯ ಕರುಳಿನಿಂದ ಹಸುವಿನ ಕೆಚ್ಚಲಿಗೆ

ಹಕ್ಕಿಜ್ವರ ಅಂದ ಕೂಡಲೇ ಕಣ್ಣ ಮುಂದೆ ಬರುವುದು ಗುಂಡಿಗೆ ಸುರಿಯುವ ಸತ್ತ ಕೋಳಿಗಳು. ಕೋಳಿಗೆ ಇದು ಎಲ್ಲಿಂದ ಬರುತ್ತದೆ ಅಂತ ಸರಿಯಾಗಿ ಗೊತ್ತಾಗಲು ಮಾತ್ರ ಸುಮಾರು ನೂರು ವರ್ಷ ಹಿಡಿಯಿತು.

ಇಟಲಿಯ ವಿಜ್ಞಾನಿ ಪೆರೊಂಚಿಟೊ ಈ ರೋಗದ ಬಗ್ಗೆ ಬರೆದದ್ದು 1878ರಲ್ಲಿ. ಬ್ಯಾಕ್ಟೀರಿಯಾ ದಾಟಲಾಗದ ಫಿಲ್ಟರನ್ನೂ ಇದರ ರೋಗಾಣು ದಾಟುತ್ತದೆ ಅಂತ 1901ರಲ್ಲಿ ತಿಳಿಯಿತು. ಅದು ನಮ್ಮ ಫ್ಲೂ ವೈರಸ್‌ನ ನೆಂಟನೇ ಅಂತ ಜರ್ಮನಿಯ ವಿಜ್ಞಾನಿ ವೆರ್ನರ್ ಶೆಫರ್ ತೋರಿಸುವಷ್ಟರಲ್ಲಿ 1955 ಬಂದಿತ್ತು. 1970ರ ದಶಕದಲ್ಲಿ ಕಾಡುಹಕ್ಕಿಗಳ ಹಿಕ್ಕೆ, ಕೆರೆ ನೀರು ಎಲ್ಲವನ್ನೂ ಪರೀಕ್ಷಿಸಲು ಶುರು ಮಾಡಿದಾಗ ಅಸಲಿ ವಿಷಯ ಹೊರಬಿತ್ತು: ಬಾತುಕೋಳಿಗಳ ಕರುಳಿನಲ್ಲಿ ಈ ವೈರಸ್‌ಗಳು ಆರಾಮಾಗಿ ಬೆಳೆಯುತ್ತವೆ, ಹಕ್ಕಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಹಿಕ್ಕೆಯ ಜೊತೆ ನೀರಿಗೆ ಸೇರಿ ಮುಂದಿನ ಹಕ್ಕಿಗೆ ಹೋಗುತ್ತವೆ.

ಹಾಗಾದರೆ ಕೋಳಿ ಯಾಕೆ ಸಾಯುತ್ತದೆ? ನನ್ನ ಮಟ್ಟಿಗೆ ಇಡೀ ಕತೆಯಲ್ಲಿ ಜಾಸ್ತಿ ಕುತೂಹಲದ ಭಾಗ ಇದೇ. ವೈರಸ್‌ನ ಮೈಮೇಲೆ ಹೀಮಗ್ಲುಟಿನಿನ್ ಎಂಬ ಪ್ರೋಟೀನ್ ಇರುತ್ತದೆ. ಅದನ್ನು ಒಂದು ನಿರ್ದಿಷ್ಟ ಜಾಗದಲ್ಲಿ ಕತ್ತರಿಸಿದರೆ ಮಾತ್ರ ಸೋಂಕು ಹರಡಲು ಸಾಧ್ಯ. ಸೌಮ್ಯ ತಳಿಗಳನ್ನು ಕತ್ತರಿಸುವ ಕಿಣ್ವ ಸಿಗುವುದು ಕರುಳು ಮತ್ತು ಉಸಿರಾಟದ ನಾಳದಲ್ಲಿ, ಹಾಗಾಗಿ ರೋಗ ಅಲ್ಲಿಗೇ ನಿಲ್ಲುತ್ತದೆ. ಎಚ್5 ಮತ್ತು ಎಚ್7 ಗುಂಪಿನ ಕೆಲವು ವೈರಸ್‌ಗಳು ಕೋಳಿಗಳ ನಡುವೆ ಓಡಾಡುತ್ತಾ ಆ ಜಾಗದಲ್ಲಿ ನಾಲ್ಕಾರು ಹೆಚ್ಚುವರಿ ಅಮಿನೊ ಆಮ್ಲ (ಪ್ರೋಟೀನಿನ ಇಟ್ಟಿಗೆಗಳು) ಸೇರಿಸಿಕೊಂಡುಬಿಡುತ್ತವೆ. ಆಮೇಲೆ ದೇಹದ ಯಾವ ಜೀವಕೋಶದಲ್ಲಾದರೂ ಅದನ್ನು ಕತ್ತರಿಸುವ ಕಿಣ್ವ ಸಿಗುತ್ತದೆ. ಮಿದುಳು, ಹೃದಯ, ರಕ್ತನಾಳ ಯಾವುದನ್ನೂ ಬಿಡುವುದಿಲ್ಲ. ಜುಟ್ಟು ನೀಲಿಗಟ್ಟುತ್ತದೆ, ಎರಡು ಮೂರು ದಿನದಲ್ಲಿ ಶೆಡ್ ಖಾಲಿ.

1983ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನಡೆದದ್ದು ಇನ್ನೂ ವಿಚಿತ್ರ. ಏಪ್ರಿಲ್‌ನಲ್ಲಿ ಸೌಮ್ಯವಾಗಿದ್ದ ವೈರಸ್ ಅಕ್ಟೋಬರ್ ಹೊತ್ತಿಗೆ ಕೊಲೆಗಾರ. ಕತ್ತರಿಸುವ ಜಾಗವನ್ನು ಮುಚ್ಚಿಕೊಂಡಿದ್ದ ಒಂದು ಸಕ್ಕರೆ ಸರಪಳಿ ಕಳಚಿಕೊಂಡಿತ್ತು, ಅಷ್ಟೇ! ಸುಮಾರು 1.7 ಕೋಟಿ ಹಕ್ಕಿಗಳು ಹೋದವು.

ಇವತ್ತು ಹಬ್ಬಿರುವ ಎಚ್5ಎನ್1 ಎಂಬ ಹಕ್ಕಿಜ್ವರ ವೈರಸ್‌ನ ಬೇರು ಇರುವುದು 1996ರಲ್ಲಿ ಚೀನಾದ ಗುವಾಂಗ್‌ಡಾಂಗ್‌ನಲ್ಲಿ, ಸಾಕಿದ ಹೆಬ್ಬಾತಿನಲ್ಲಿ. ಮರುವರ್ಷ ಹಾಂಗ್‌ಕಾಂಗ್‌ನಲ್ಲಿ 18 ಜನರಿಗೆ ತಗುಲಿ 6 ಮಂದಿ ತೀರಿಕೊಂಡರು. 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಸಾವಿರಾರು ವಲಸೆ ಹಕ್ಕಿಗಳು ಸತ್ತವು. ಕಾಡುಹಕ್ಕಿಗೆ ಏನೂ ಆಗಲ್ಲ ಅನ್ನುವ ನಂಬಿಕೆ ಅಲ್ಲಿಗೆ ಮುಗಿಯಿತು. ಸಸ್ತನಿಗಳನ್ನೂ ಬಿಡಲಿಲ್ಲ: 2023ರಲ್ಲಿ ಅರ್ಜೆಂಟೀನಾದ ವಾಲ್ಡೆಸ್ ಪರ್ಯಾಯ ದ್ವೀಪದಲ್ಲಿ 17 ಸಾವಿರಕ್ಕೂ ಹೆಚ್ಚು ಆನೆ ಸೀಲ್ ಮರಿಗಳು ಸತ್ತವು.

ಇಷ್ಟಾದರೂ ಹಸುವಿನ ಬಗ್ಗೆ ಯಾರೂ ಅಷ್ಟಾಗಿ ತಲೆ ಕೆಡಿಸಿಕೊಂಡಿರಲಿಲ್ಲ ಅನ್ನಿ. 2024ರ ಮಾರ್ಚ್‌ನಲ್ಲಿ ಟೆಕ್ಸಾಸ್‌ನ ಡೇರಿಗಳಲ್ಲಿ ಹಸುಗಳ ಹಾಲು ಗಿಣ್ಣಿನ ಹಾಗೆ ಗಟ್ಟಿಯಾಗಿ, ಹಳದಿಯಾಗಿ ಬರತೊಡಗಿತು. ಪರೀಕ್ಷಿಸಿದರೆ ವೈರಸ್ ಶ್ವಾಸಕೋಶಕ್ಕಿಂತ ಕೆಚ್ಚಲಿನಲ್ಲೇ ಜಾಸ್ತಿ. ಅದು ಅಂಟಿಕೊಳ್ಳಲು ಬೇಕಾದ ಗ್ರಾಹಕಗಳು ಅಲ್ಲಿ ಧಾರಾಳವಾಗಿದ್ದವು. ಆ ಹಸಿ ಹಾಲು ಕುಡಿದ ಬೆಕ್ಕುಗಳು ಸತ್ತವು. ಹಾಲು ಕರೆಯುವ ಯಂತ್ರಗಳೇ ಒಂದು ಹಸುವಿನಿಂದ ಇನ್ನೊಂದಕ್ಕೆ ದಾಟಿಸುತ್ತಿವೆ ಅನ್ನುವ ಅನುಮಾನ ಬಲವಾಯಿತು. ಹಾಲನ್ನು ಬಿಸಿ ಮಾಡಿ ಪಾಶ್ಚರೀಕರಿಸಿದರೆ ವೈರಸ್ ಸಾಯುತ್ತದೆ, ಅದೊಂದು ಸಮಾಧಾನ. ಆ ವರ್ಷದ ಡಿಸೆಂಬರ್‌ನಿಂದ ಅಮೆರಿಕದ ಕೃಷಿ ಇಲಾಖೆ ದೇಶದ ಹಸಿ ಹಾಲಿನ ಮಾದರಿಗಳನ್ನೇ ಪರೀಕ್ಷಿಸಲು ಆದೇಶಿಸಿತು.