ಸುಮ್ನೆ ನಿಂತರೆ ಸಾಕಾ? ವೈಬ್ರೇಶನ್ ಮೆಷಿನ್‌ನ 150 ವರ್ಷದ ಗೋಜಲು

ಮೈಸೂರಿನ ನಮ್ಮ ಚಿಕ್ಕಮ್ಮನ ಹಾಲ್‌ನಲ್ಲಿ ಈಗ ಟಿವಿ ಎದುರು ಒಂದು ಕಪ್ಪು ಹಲಗೆ ಇದೆ. ಸ್ವಿಚ್ ಹಾಕಿದರೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತಾ ಗಡಗಡ ನಡುಗುತ್ತದೆ. ಜೊತೆಗೆ ರಿಮೋಟು, ಎಳೆಯಲು ಎರಡು ರಬ್ಬರ್ ಹಗ್ಗ, ಹಾಡು ಕೇಳಲು ಸ್ಪೀಕರ್. ಡೆಕ್ಸಾ ಪರೀಕ್ಷೆಯಲ್ಲಿ ಮೂಳೆ ಸವೆತ ಶುರುವಾಗಿದೆ ಎಂದು ಗೊತ್ತಾದ ತಿಂಗಳಲ್ಲೇ ಇದು ಮನೆಗೆ ಬಂತು. ಮಾರಿದವರು "ಹತ್ತು ನಿಮಿಷ ನಿಂತ್ರೆ ಒಂದು ಗಂಟೆ ವಾಕಿಂಗ್ ಮಾಡಿದಂಗೆ" ಎಂದಿದ್ದರಂತೆ. ಮೂಳೆ ಡಾಕ್ಟರು "ಬೇಡ ಅನ್ನಲ್ಲ, ಆದ್ರೆ ಅದನ್ನೇ ನಂಬ್ಕೊಂಡು ಕೂರಬೇಡಿ" ಎಂದರು. ಫಿಸಿಯೋಥೆರಪಿ ಮಾಡುವ ಹುಡುಗಿ "ನಮ್ಮ ಕ್ಲಿನಿಕ್‌ನಲ್ಲೂ ಒಂದಿದೆ ಆಂಟಿ, ಆದ್ರೆ ಅದು ಬೇರೆ ಥರದ್ದು" ಎಂದಳು.

ಚಿಕ್ಕಮ್ಮ ನನ್ನನ್ನು ಕೇಳಿದ್ದು ಒಂದೇ ಮಾತು. "ಮೂರು ಜನ ಮೂರು ಹೇಳ್ತಾರಲ್ಲೋ, ಯಾರದು ನಿಜ?"

ಉತ್ತರ ಹುಡುಕುತ್ತಾ ಹೋದರೆ ವಿಷಯ ಹಳೆಯದು, ಗೋಜಲಿನದು. ವೈಬ್ರೇಶನ್ ಮೆಷಿನ್ ಅನ್ನುವ ಒಂದೇ ಹೆಸರಿನಲ್ಲಿ ಕನಿಷ್ಠ ಮೂರು ಬೇರೆ ಬೇರೆ ಯಂತ್ರಗಳು ಓಡಾಡುತ್ತಿವೆ. ಒಂದರ ಮೇಲೆ ನಡೆದ ಪರೀಕ್ಷೆಯ ಫಲ ಇನ್ನೊಂದರ ಡಬ್ಬಿಯ ಮೇಲೆ ಬಂದು ಕೂತಿದೆ. ಹೇಗೆ ಬಂತು ಅನ್ನುವುದೇ ಕಥೆ.

1865ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಗುಸ್ತಾಫ್ ಸಾಂಡರ್ ಎಂಬ ವೈದ್ಯರು ಯಂತ್ರಗಳ ವ್ಯಾಯಾಮಶಾಲೆ ತೆರೆದರು. ಅಲ್ಲಿ ಎರಡು ಬಗೆಯ ಯಂತ್ರಗಳಿದ್ದವು. ಕೆಲವನ್ನು ನಾವೇ ಎಳೆಯಬೇಕು, ತಳ್ಳಬೇಕು. ಇನ್ನು ಕೆಲವು ಉಗಿಯ ಬಲದಿಂದ ತಾವೇ ನಮ್ಮನ್ನು ಅಲುಗಾಡಿಸುತ್ತವೆ. ಮೈ ಕೆಲಸ ಮಾಡಬೇಕಾ, ಯಂತ್ರ ಮಾಡಿದರೆ ಸಾಕಾ? ಇವತ್ತಿನ ಜಗಳವೂ ಇದೇ ಅಲ್ವಾ.

ಪ್ಯಾರಿಸ್‌ನಲ್ಲಿ ನರರೋಗದ ದೊಡ್ಡ ವೈದ್ಯರಾದ ಶಾರ್ಕೋ ಇನ್ನೊಂದು ದಾರಿಯಿಂದ ಇಲ್ಲಿಗೆ ಬಂದರು. ಕುದುರೆ ಗಾಡಿಯಲ್ಲೋ ರೈಲಿನಲ್ಲೋ ಕುಲುಕಿಕೊಂಡು ಬಂದ ಪಾರ್ಕಿನ್ಸನ್ ರೋಗಿಗಳು "ಇವತ್ತು ಸ್ವಲ್ಪ ಹಗುರ" ಎನ್ನುತ್ತಿದ್ದರು. ಅದನ್ನು ಗಮನಿಸಿ ಅವರು ನಡುಗುವ ಕುರ್ಚಿ ಮಾಡಿಸಿದರು. 1892ರಲ್ಲಿ ಅದರ ಬಗ್ಗೆ ಉಪನ್ಯಾಸ ಕೊಟ್ಟರು, ಮರುವರ್ಷ ತೀರಿಕೊಂಡರು. 120 ವರ್ಷ ಕಳೆದ ಮೇಲೆ ಅಮೆರಿಕದ ವೈದ್ಯರು ಅಂಥದ್ದೇ ಕುರ್ಚಿ ಇಟ್ಟು ಹೋಲಿಸಿ ನೋಡಿದರು. ನಡುಗಿಸಿಕೊಂಡವರಿಗೂ ಹಾಯೆನಿಸಿತು. ನಡುಕವೇ ಇಲ್ಲದ ಕುರ್ಚಿಯಲ್ಲಿ ಹಿತವಾದ ದನಿ ಕೇಳುತ್ತಾ ಒರಗಿದವರಿಗೂ ಹೆಚ್ಚುಕಡಿಮೆ ಅಷ್ಟೇ ಹಾಯೆನಿಸಿತು.

ಮುಂದಿನದು ಬೇಗ ಮುಗಿಯುತ್ತದೆ. ಕಾರ್ನ್‌ಫ್ಲೇಕ್ಸ್‌ನ ಕೆಲಾಗ್ ತಮ್ಮ ಬ್ಯಾಟಲ್ ಕ್ರೀಕ್ ಆರೋಗ್ಯಧಾಮದಲ್ಲಿ ನಡುಗುವ ಕುರ್ಚಿ, ಹಲಗೆಗಳನ್ನು ಇಟ್ಟರು. 1912ರ ಟೈಟಾನಿಕ್ ಹಡಗಿನ ಜಿಮ್‌ನಲ್ಲಿ ಕರೆಂಟಿನ ಒಂಟೆ, ಕುದುರೆ ಇದ್ದವು. ಆಮೇಲೆ ಸೊಂಟಕ್ಕೆ ಪಟ್ಟಿ ಕಟ್ಟಿ ಕೊಬ್ಬು ಕುಲುಕಿಸುವ ಮೆಷಿನ್ ಬಂತು. ಕೊಬ್ಬು ಕುಲುಕಿತು, ಕರಗಲಿಲ್ಲ.

ವಿಜ್ಞಾನದ ಗಟ್ಟಿ ತುಣುಕು ಸಿಕ್ಕಿದ್ದು 1966ರಲ್ಲಿ, ಮತ್ತೆ ಸ್ವೀಡನ್‌ನಲ್ಲೇ. ಸ್ನಾಯುವನ್ನು ನಡುಗಿಸಿದರೆ ಅದು ತಾನಾಗಿಯೇ ಬಿಗಿಯಾಗುತ್ತದೆ ಎಂದು ಎಕ್ಲುಂಡ್ ಮತ್ತು ಹಾಗ್‌ಬಾರ್ತ್ ತೋರಿಸಿದರು. ಡಾಕ್ಟರು ಮಂಡಿಯ ಕೆಳಗೆ ಸುತ್ತಿಗೆಯಿಂದ ತಟ್ಟಿದಾಗ ಕಾಲು ತಾನೇ ಎಗರುತ್ತದಲ್ಲ, ಅದರ ಅಣ್ಣ ಇದು. ಸೆಕೆಂಡಿಗೆ ಮೂವತ್ತು ಸಲ ತಟ್ಟಿದ ಹಾಗೆ. ಅಂದರೆ ನಡುಕಕ್ಕೆ ಸ್ನಾಯು ಉತ್ತರ ಕೊಡುತ್ತದೆ ಅನ್ನುವುದು ಸುಳ್ಳಲ್ಲ.

ಸೋವಿಯತ್ ಒಕ್ಕೂಟದಲ್ಲಿ ನಜಾರೊವ್ ಎಂಬ ವಿಜ್ಞಾನಿ ಇದನ್ನು ಜಿಮ್ನಾಸ್ಟ್‌ಗಳ ಮೇಲೆ ಪ್ರಯೋಗಿಸಿದರು. 90ರ ದಶಕದ ಕೊನೆಗೆ ಇಟಲಿಯ ಬೋಸ್ಕೊ ಕ್ರೀಡಾಪಟುಗಳನ್ನು ಹಲಗೆಯ ಮೇಲೆ ನಿಲ್ಲಿಸಿ ಬಲ ಅಳೆದರು. ಅದೇ ಹೊತ್ತಿಗೆ ಜರ್ಮನಿಯಿಂದ ಗೆಲಿಲಿಯೊ, ನೆದರ್‌ಲ್ಯಾಂಡ್ಸ್‌ನಿಂದ ಪವರ್ ಪ್ಲೇಟ್ ಎಂಬ ಮೆಷಿನ್‌ಗಳು ಬಂದವು. ಮೊದಲನೆಯದು ಏತದ ಹಾಗೆ ಒಂದು ಕಡೆ ಏರಿ ಒಂದು ಕಡೆ ಇಳಿಯುತ್ತದೆ. ಎರಡನೆಯದರ ಹಲಗೆ ಪೂರ್ತಿ ಒಟ್ಟಿಗೇ ನಡುಗುತ್ತದೆ. ನಮ್ಮ ಮನೆಗಳಿಗೆ ಬರುತ್ತಿರುವ ಅಗ್ಗದ ಮೆಷಿನ್‌ಗಳು ಬಹುಪಾಲು ಏತದ ಜಾತಿಯವು.

ಈ ಕಾಲದ ಒಂದು ಪರೀಕ್ಷೆ ನನಗೆ ಇಷ್ಟ. 2003ರಲ್ಲಿ ಬೆಲ್ಜಿಯಂನ ಲ್ಯುವೆನ್‌ನಲ್ಲಿ, ವ್ಯಾಯಾಮದ ಅಭ್ಯಾಸವಿಲ್ಲದ ಯುವತಿಯರ ಮೇಲೆ ನಡೆದದ್ದು. 12 ವಾರ ಕಳೆದಾಗ, ನಡುಗುವ ಹಲಗೆಯ ಗುಂಪಿಗೂ ಜಿಮ್‌ನಲ್ಲಿ ತೂಕ ಎತ್ತಿದ ಗುಂಪಿಗೂ ತೊಡೆಯ ಬಲ ಹತ್ತಿರ ಹತ್ತಿರ ಒಂದೇ ಸಮ ಹೆಚ್ಚಿತ್ತು. ಸದ್ದಿದ್ದೂ ನಡುಕ ಇಲ್ಲವೆನ್ನುವಷ್ಟಿದ್ದ ಹಲಗೆಯ ಗುಂಪಿಗೆ ಹೆಚ್ಚಲಿಲ್ಲ. ಹಲಗೆಗೆ ಒಳ್ಳೆ ಅಂಕವೇ. ಆದರೆ ಆ ಯುವತಿಯರು ಹಲಗೆಯ ಮೇಲೆ ಟಿವಿ ನೋಡುತ್ತಾ ನಿಂತಿರಲಿಲ್ಲ. ಅರ್ಧ ಬಸ್ಕಿ, ಪೂರ್ತಿ ಬಸ್ಕಿ, ಒಂದು ಕಾಲು ಮುಂದಿಟ್ಟು ಬಗ್ಗುವುದು, ಎಲ್ಲ ಮಾಡಿದ್ದರು. ಜಾಹೀರಾತಿನವರೆಗೆ ಬರುವ ದಾರಿಯಲ್ಲಿ ಬಸ್ಕಿ ಎಲ್ಲೋ ಬಿದ್ದುಹೋಯಿತು.

ಇನ್ನು ಮೂಳೆ. ಚಿಕ್ಕಮ್ಮ ದುಡ್ಡು ಕೊಟ್ಟದ್ದು ಇದಕ್ಕೇ. ಇದರ ಮೂಲದಲ್ಲಿರುವುದು ಕುರಿಗಳು.

ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದ ಕ್ಲಿಂಟನ್ ರೂಬಿನ್ ಮತ್ತು ಜೊತೆಗಾರರು 2001ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಪುಟ್ಟ ವರದಿ ಬರೆದರು. ಬೆಳೆದ ಕುರಿಗಳ ಹಿಂಗಾಲುಗಳನ್ನು ದಿನಕ್ಕೆ 20 ನಿಮಿಷ ನಡುಗುವ ಹಲಗೆಯ ಮೇಲೆ ಇಟ್ಟಿದ್ದರು. ಒಂದು ವರ್ಷ. ತೊಡೆಮೂಳೆಯ ಮೇಲ್ಭಾಗದಲ್ಲಿ ಒಳಗಿರುವ ಸ್ಪಂಜಿನಂಥ ಮೂಳೆ, ಬೇರೆ ಕುರಿಗಳಿಗಿಂತ ಶೇ. 34ರಷ್ಟು ಹೆಚ್ಚು ದಟ್ಟವಾಗಿತ್ತು. ಔಷಧಿಯಿಲ್ಲ, ಓಟವಿಲ್ಲ. ಸುದ್ದಿಯಾಗದೆ ಇರುತ್ತದಾ?

ಆದರೆ ಆ ನಡುಕ ಎಷ್ಟಿತ್ತು ಅನ್ನುವುದು ಮುಖ್ಯ. ಸೆಕೆಂಡಿಗೆ 30 ಸಲ, ಅಂದರೆ 30 ಹರ್ಟ್ಜ್. ಬಲ 0.3 ಜಿ, ಭೂಮಿಯ ಸೆಳೆತದ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಲೆಕ್ಕ ಹಾಕಿದರೆ ಹಲಗೆ ನಡುವಿನಿಂದ ಮೇಲಕ್ಕೆ ಹೋಗುವುದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕೂ ಕಡಿಮೆ. ಕಣ್ಣಿಗೆ ಕಾಣುವುದಿಲ್ಲ. ಫ್ರಿಜ್ ಮೇಲೆ ಕೈಯಿಟ್ಟರೆ ಗುಂಯ್ ಅನ್ನುತ್ತದಲ್ಲ, ಆ ಥರ. ಮೂರನೇ ಜಾತಿಯ ಯಂತ್ರ ಇದು.

ಕುರಿಯಿಂದ ಮನುಷ್ಯರಿಗೆ ಬಂದಾಗ ಕಥೆ ಕುಂಟತೊಡಗಿತು. 2004ರಲ್ಲಿ ಅದೇ ತಂಡದ ಪರೀಕ್ಷೆ. ಮುಟ್ಟು ನಿಂತ 70 ಮಹಿಳೆಯರು, ಒಂದು ವರ್ಷ. ಎಲ್ಲರನ್ನೂ ಸೇರಿಸಿ ನೋಡಿದರೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ತಪ್ಪದೆ ನಿಂತವರನ್ನು, ತೂಕ ಕಡಿಮೆ ಇರುವವರನ್ನು ಬೇರೆ ಮಾಡಿ ನೋಡಿದಾಗ ಲಾಭ ಕಂಡಿತು. ಆಸೆ ಉಳಿಯಿತು. ಅದೇ ವರ್ಷ ಲ್ಯುವೆನ್‌ನವರು ಜೋರು ನಡುಕದ ಹಲಗೆಯ ಮೇಲೆ ಆರು ತಿಂಗಳು ವ್ಯಾಯಾಮ ಮಾಡಿಸಿದರು. ಸೊಂಟದ ಮೂಳೆ ಸುಮಾರು ಶೇ. 0.9ರಷ್ಟು ದಟ್ಟವಾಯಿತು. ಜಾಹೀರಾತುಗಳಲ್ಲಿ ನೆನಪಾಗಿ ಉಳಿದದ್ದು ಮಾತ್ರ ಕುರಿಯ 34.

2011ರಲ್ಲಿ ಟೊರಾಂಟೊದಿಂದ ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು. ಮುಟ್ಟು ನಿಂತ 202 ಮಹಿಳೆಯರು, ಮನೆಯಲ್ಲೇ ಹಲಗೆ, ದಿನಕ್ಕೆ 20 ನಿಮಿಷ, 12 ತಿಂಗಳು. ಎಲ್ಲರಿಗೂ ಕ್ಯಾಲ್ಸಿಯಂ, ವಿಟಮಿನ್ ಡಿ. ಕುರಿಗೆ ಕೊಟ್ಟಂಥದ್ದೇ 0.3 ಜಿ ನಡುಕ, ಒಂದು ಗುಂಪಿಗೆ 30 ಹರ್ಟ್ಜ್, ಇನ್ನೊಂದಕ್ಕೆ 90. ಹಲಗೆ ಏರದವರಿಗೂ ಇವರಿಗೂ ಮೂಳೆಯಲ್ಲಿ ವ್ಯತ್ಯಾಸವಿರಲಿಲ್ಲ. 2015ರಲ್ಲಿ ಬಾಸ್ಟನ್ ಕಡೆಯ 174 ಹಿರಿಯರ ಪರೀಕ್ಷೆ ಪ್ರಕಟವಾಯಿತು. ಸರಾಸರಿ ವಯಸ್ಸು ಸುಮಾರು 82, ದಿನಕ್ಕೆ ಹತ್ತು ನಿಮಿಷ, ಎರಡು ವರ್ಷ. ಅಲ್ಲೂ ಅದೇ ಉತ್ತರ.

ಇಷ್ಟಕ್ಕೆ ಮುಗಿಸಿಬಿಡಬಹುದಿತ್ತು. ಆದರೆ 2014ರಲ್ಲಿ ಹಾಂಗ್‌ಕಾಂಗ್‌ನಿಂದ ಬಂದ ಉತ್ತರ ಬೇರೆ ಥರ ಇತ್ತು. ಅಲ್ಲಿ 710 ಹಿರಿಯ ಮಹಿಳೆಯರ ಮೇಲೆ 18 ತಿಂಗಳ ಪರೀಕ್ಷೆ ನಡೆದಿತ್ತು. ಹಲಗೆ ಏರಿದವರ ಮೂಳೆ ಗಟ್ಟಿಯಾಗಲಿಲ್ಲ. ಬೀಳುವುದು ಮಾತ್ರ ಗಣನೀಯವಾಗಿ ಕಡಿಮೆಯಾಯಿತು. ವಯಸ್ಸಾದವರ ಸೊಂಟ ಮುರಿಯುವುದು ಹೆಚ್ಚಾಗಿ ಬಚ್ಚಲಲ್ಲೋ ಮೆಟ್ಟಿಲಲ್ಲೋ ಬಿದ್ದಾಗ. ಬೀಳದೆ ಇದ್ದರೆ ಅರ್ಧ ಗೆದ್ದಂತೆ. ನನ್ನ ಕಣ್ಣಿಗೆ ಈ ಯಂತ್ರದ ಅತ್ಯಂತ ಉಪಯೋಗದ ಸುದ್ದಿ ಇದೇ. ಆದರೂ ಇದನ್ನು ಡಬ್ಬಿಯ ಮೇಲೆ ಹಾಕಿದ್ದನ್ನು ನಾನು ನೋಡಿಲ್ಲ. "ಬೀಳುವುದು ಕಡಿಮೆ" ಅನ್ನುವುದಕ್ಕಿಂತ "ಹೊಟ್ಟೆ ಕರಗುತ್ತದೆ" ಅನ್ನುವುದು ಜಾಸ್ತಿ ಮಾರಾಟವಾಗುತ್ತದೇನೋ.

ಜಾಹೀರಾತುಗಳಲ್ಲಿ ಒಬ್ಬ ಗಗನಯಾತ್ರಿ ಬಂದೇ ಬರುತ್ತಾನೆ. ಅದಕ್ಕೂ ಒಂದು ಎಳೆ ಇದೆ. 2003-04ರಲ್ಲಿ ಬರ್ಲಿನ್‌ನಲ್ಲಿ 20 ಗಂಡಸರನ್ನು 56 ದಿನ ಹಾಸಿಗೆಯಲ್ಲೇ ಮಲಗಿಸಿದ್ದರು. ತೂಕವಿಲ್ಲದ ಆಕಾಶದಲ್ಲಿ ಮೈ ಹೇಗೆ ಸೊರಗುತ್ತದೆ ಎಂದು ನೆಲದ ಮೇಲೇ ನೋಡುವ ಉಪಾಯ. ಅರ್ಧ ಜನರಿಗೆ ನಡುಗುವ ಹಲಗೆಯ ವ್ಯಾಯಾಮ, ಉಳಿದವರಿಗೆ ಏನೂ ಇಲ್ಲ. ವ್ಯಾಯಾಮ ಮಾಡಿದವರ ಕಾಲಿನ ಸ್ನಾಯು, ಮೂಳೆ ಚೆನ್ನಾಗಿ ಉಳಿದವು. ಆದರೆ ಅವರನ್ನು ಪಟ್ಟಿಗಳಿಂದ ಹಲಗೆಗೆ ಬಿಗಿದು, ಆ ಎಳೆತದ ವಿರುದ್ಧ ಕಾಲಿನಿಂದ ತಳ್ಳಿಸಿದ್ದರು. ಇಲ್ಲೂ ಬೆವರು ಅವರದೇ.

2017ರಲ್ಲಿ ಅಮೆರಿಕದ ಜಾರ್ಜಿಯಾದಿಂದ ಇಲಿಗಳ ಸುದ್ದಿ ಬಂತು. ದಿನಕ್ಕೆ 20 ನಿಮಿಷ ನಡುಗಿದ ದಪ್ಪ ಇಲಿಗಳಿಗೆ, 45 ನಿಮಿಷ ಟ್ರೆಡ್‌ಮಿಲ್ ಓಡಿದ ಇಲಿಗಳಂಥದ್ದೇ ಕೆಲವು ಲಾಭ ಸಿಕ್ಕಿದ್ದವು. "ವ್ಯಾಯಾಮಕ್ಕೆ ಬದಲಿ" ಎಂದು ಪತ್ರಿಕೆಗಳು ತಲೆಬರಹ ಕೊಟ್ಟವು. ಅವು ಹಸಿವು ತಡೆಯುವ ಲೆಪ್ಟಿನ್ ಸಂಕೇತವೇ ಕೆಲಸ ಮಾಡದ, ಹುಟ್ಟಿನಿಂದಲೇ ದಪ್ಪವಾಗುವ ತಳಿಯ ಇಲಿಗಳು ಅನ್ನುವುದು ಒಳಪುಟದಲ್ಲಿತ್ತು.

ಈ ಕಡೆ ಇಷ್ಟೆಲ್ಲ ನಡೆಯುತ್ತಿರುವಾಗ ಇನ್ನೊಂದು ಕಡೆ ಅದೇ ನಡುಕವನ್ನು ಅಪಾಯ ಎಂದು ಅಳೆಯುವವರಿದ್ದರು. ಟ್ರ್ಯಾಕ್ಟರ್, ಲಾರಿ, ಜೆಸಿಬಿ ಓಡಿಸುವವರ ಬೆನ್ನುನೋವು ಅವರ ವಿಷಯ. 1974ರಲ್ಲೇ ಇದಕ್ಕೆ ಐಎಸ್‌ಒ 2631 ಎಂಬ ಅಂತರರಾಷ್ಟ್ರೀಯ ಮಾನದಂಡ ಬಂತು. 2002ರಲ್ಲಿ ಯುರೋಪ್ ಒಕ್ಕೂಟ ಎಂಟು ಗಂಟೆಯ ಕೆಲಸಕ್ಕೆ ಮಿತಿ ಹಾಕಿತು. ಒಬ್ಬರು ನಡುಕದಿಂದ ಕಾರ್ಮಿಕರನ್ನು ಕಾಪಾಡುತ್ತಿದ್ದರು, ಇನ್ನೊಬ್ಬರು ದುಡ್ಡು ತೆಗೆದುಕೊಂಡು ನಡುಕ ಕೊಡುತ್ತಿದ್ದರು. ಬಹಳ ವರ್ಷ ಇಬ್ಬರೂ ಮಾತಾಡಿಕೊಂಡ ಹಾಗಿಲ್ಲ. ಹತ್ತು ನಿಮಿಷಕ್ಕೂ ಎಂಟು ಗಂಟೆಗೂ ನೇರ ಹೋಲಿಕೆ ಸರಿಯಲ್ಲ, ನಿಜ. ಆದರೆ 2013ರಲ್ಲಿ ಕೆಲವು ಮೆಷಿನ್‌ಗಳನ್ನು ಅಳೆದು ನೋಡಿದಾಗ, ಜೋರಾದವು ಆ ಮಾನದಂಡದ ಸುರಕ್ಷಿತ ಗೆರೆಯನ್ನು ದಾಟಿದ್ದವು.

ಲೆಕ್ಕ ಸರಳ. ಹಲಗೆ ಎಷ್ಟು ದೂರ ಏರುತ್ತದೆ, ಸೆಕೆಂಡಿಗೆ ಎಷ್ಟು ಸಲ, ಈ ಎರಡರ ಮೇಲೆ ಏಟು ನಿಂತಿದೆ. ದೂರ ಎರಡು ಪಟ್ಟಾದರೆ ಏಟು ಎರಡು ಪಟ್ಟು. ವೇಗ ಎರಡು ಪಟ್ಟಾದರೆ ಏಟು ನಾಲ್ಕು ಪಟ್ಟು. 30 ಹರ್ಟ್ಜ್‌ನಲ್ಲಿ ಹಲಗೆ ನಡುವಿನಿಂದ 2 ಮಿಲಿಮೀಟರ್ ಮೇಲಕ್ಕೆ, ಅಷ್ಟೇ ಕೆಳಕ್ಕೆ ಹೋದರೆ ಏಟು 7 ಜಿ ದಾಟುತ್ತದೆ. 1 ಜಿ ದಾಟಿದ ಮೇಲೆ ಪಾದ ಹಲಗೆಯಿಂದ ಚೂರು ಎದ್ದು ಮತ್ತೆ ಬಡಿಯಲು ಶುರು.

ಚಿಕ್ಕಮ್ಮನ ಮೆಷಿನ್‌ನಲ್ಲಿ ಹರ್ಟ್ಜ್ ತೋರಿಸುವುದಿಲ್ಲ. 1ರಿಂದ 99ರವರೆಗೆ ಸ್ಪೀಡ್ ಇದೆ, ಅಷ್ಟೆ. ಡಬ್ಬಿ ತಿರುಗಿಸಿ ಹುಡುಕಿದೆವು. ಹರ್ಟ್ಜ್ ಎಂಬಲ್ಲಿ 50 ಎಂದಿತ್ತು. ಖುಷಿಯಾಗಿ ನೋಡಿದರೆ ಅದು ಮನೆಯ ಕರೆಂಟಿನದು. ಕೊನೆಗೆ ಹಲಗೆಯ ಅಂಚಿಗೆ ಒಂದು ಬಿಂದಿ ಅಂಟಿಸಿ, ಚಿಕ್ಕಮ್ಮನನ್ನು ನಿಲ್ಲಿಸಿ, ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೊ ತೆಗೆದೆ. ಸೆಕೆಂಡಿಗೆ 240 ಚಿತ್ರ. 99ರಲ್ಲಿ ಬಿಂದಿ ಮೇಲೆ ಹೋಗಿ ಮತ್ತೆ ಅಲ್ಲಿಗೇ ಬರಲು ಸುಮಾರು 22 ಚಿತ್ರ ಹಿಡಿಯಿತು. ಅಂದರೆ 11 ಹರ್ಟ್ಜ್. ಪಾದ ಇಡುವ ಜಾಗದಲ್ಲಿ ನಡುವಿನಿಂದ ಏರಿಕೆ 5 ಮಿಲಿಮೀಟರ್ ಇದ್ದೀತು. ಲೆಕ್ಕ 2.4 ಜಿ ಹೇಳಿತು. ಕುರಿಯ ಹಲಗೆಗಿಂತ ಎಂಟು ಪಟ್ಟು ಜೋರು, ಮೂರನೇ ಒಂದರಷ್ಟು ವೇಗ. ಎರಡಕ್ಕೂ ಸಂಬಂಧವೇ ಇಲ್ಲ.

ಏತದಂಥ ಹಲಗೆಯಲ್ಲಿ ಪಾದಗಳನ್ನು ಹತ್ತಿರ ಇಟ್ಟರೆ ಏಟು ಕಡಿಮೆ, ಅಗಲಿಸಿದರೆ ಜಾಸ್ತಿ. ಮಂಡಿ ಬಗ್ಗಿಸಿದರೆ ನಡುಕವನ್ನು ಕಾಲೇ ನುಂಗಿಕೊಳ್ಳುತ್ತದೆ. ನೆಟ್ಟಗೆ ನಿಂತರೆ ತಲೆಗೆ ಹೋಗುತ್ತದೆ. ಇದನ್ನು ಟಿವಿಯಲ್ಲೇ ಪರೀಕ್ಷೆ ಮಾಡಬಹುದು. ಸುದ್ದಿ ಚಾನೆಲ್‌ನ ಕೆಳಗೆ ಓಡುವ ಅಕ್ಷರ ಮಸುಕಾದರೆ ಕಣ್ಣೂ ಕುಲುಕುತ್ತಿದೆ ಎಂದರ್ಥ. ಚಿಕ್ಕಮ್ಮ ಮಂಡಿ ಬಗ್ಗಿಸಿದ ಕೂಡಲೇ "ಈಗ ಓದ್ಬೋದು ಕಣೋ" ಎಂದರು.

ಹತ್ತಲೇಬಾರದವರೂ ಇದ್ದಾರೆ. ಬಸುರಿಯರು, ಪೇಸ್‌ಮೇಕರ್ ಹಾಕಿಸಿಕೊಂಡವರು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರು, ಮೂರ್ಛೆ ರೋಗದವರು, ಈಚೆಗೆ ಆಪರೇಶನ್ ಆದವರು, ಡಿಸ್ಕ್ ಜಾರಿ ನೋವಿನಲ್ಲಿರುವವರು. ಕೃತಕ ಮಂಡಿ ಹಾಕಿಸಿಕೊಂಡವರು, ಕಣ್ಣಿನ ಪರದೆಯ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಹತ್ತಬಾರದು. ನಮ್ಮ ಚಿಕ್ಕಪ್ಪನಿಗೆ ಕಿಡ್ನಿಯಲ್ಲಿ ಕಲ್ಲಿದೆ. ಅವರಿಗೂ ಬೇಡ ಎಂದೆವು. ಅವರಿಗೆ ಅದರಿಂದ ದುಃಖವೇನೂ ಆದಂತೆ ಕಾಣಲಿಲ್ಲ.

ಚಿಕ್ಕಮ್ಮ ಈಗ ಸ್ಪೀಡ್ 40 ದಾಟಿಸುವುದಿಲ್ಲ. ಊಟದ ಟೇಬಲ್‌ನ ಪಕ್ಕಕ್ಕೆ ಹಲಗೆ ಎಳೆದುಕೊಂಡು, ಅಂಚು ಹಿಡಿದು ನಿಧಾನಕ್ಕೆ ಅರ್ಧ ಬಸ್ಕಿ ಹೊಡೆಯುತ್ತಾರೆ, ಒಂದು ನಿಮಿಷ ಮಾಡಿ ಒಂದು ನಿಮಿಷ ಕೂರುತ್ತಾರೆ. ಹತ್ತು ನಿಮಿಷಕ್ಕೆ ಮೆಷಿನ್ ತಾನೇ ನಿಲ್ಲುತ್ತದೆ. ಆಮೇಲೆ ಡಾಕ್ಟರು ಬರೆದುಕೊಟ್ಟ ಮಾತ್ರೆ ನುಂಗಿ, ಚಪ್ಪಲಿ ಮೆಟ್ಟಿಕೊಂಡು, ಕುಕ್ಕರಹಳ್ಳಿ ಕೆರೆ ಸುತ್ತಲು ಹೊರಡುತ್ತಾರೆ.